ಸಾರಿಸಿದ ನೆಲ

ದಿಬ್ಬ ಅಗೆಯಲು ಹೋಗುತ್ತೇನೆ ಎಂದಾಗ ಅವ್ವ ಹಣೆ ಬಡಿದುಕೊಂಡಳು. "ಮಣ್ಣ ಹೊರಾಕಂತ ಕಾಲೇಜ ಕಲಿಸೀವೇನ ನಿನಗ? ಅದೂ ಬಿಟ್ಟಿ!" ಮಿರಜಿನ ಪೇಟೆಯಲ್ಲಿ ಬೆಲ್ಲದ ಅಂಗಡಿ ನಮ್ಮದು. ಬಿಟ್ಟಿ ದುಡಿಯುವವರನ್ನು ನಮ್ಮ ಮನೆಯಲ್ಲಿ ಹುಚ್ಚರೆಂದೇ ತಿಳಿಯುತ್ತಿದ್ದರು. ಹುಚ್ಚಿಯಾದರೆ ಹುಚ್ಚಿ, ಎಂದು ಎಸ್‌ಟಿ ಬಸ್ಸು ಹತ್ತಿದೆ.

ಸಲಗರೆಯ ಆಚೆ, ಕರ್ನಾಟಕದ ಗಡಿಗೆ ಹತ್ತಿಕೊಂಡ ಒಂದು ಹಳ್ಳಿಯ ಹೊಲದಲ್ಲಿ ಹಿಂದೆಂದೋ ಹಾಳಾದ ಊರಿನ ದಿಬ್ಬವಿತ್ತು. ಅದರ ಬಿಳಿ ಮಣ್ಣನ್ನು ಮಾಳಿಗೆಯ ಮೇಲೆ ಹಾಕಿದರೆ ಮನೆ ಸೋರುವುದಿಲ್ಲವೆಂದು ಜನ ಗಾಡಿಗಟ್ಟಲೆ ಹೊತ್ತೊಯ್ದು ದಿಬ್ಬ ಅರ್ಧ ಕರಗಿತ್ತು. ಉಳಿದರ್ಧವನ್ನು ನಮ್ಮ ಕಾಲೇಜಿನ ಇತಿಹಾಸದ ಸರ್ ಅಗೆಸುತ್ತಿದ್ದರು. ನಾವು ನಾಲ್ಕಾರು ವಿದ್ಯಾರ್ಥಿಗಳು, ಮತ್ತೆ ಕೂಲಿಗೆ ಬಂದ ಹೆಣ್ಣುಮಕ್ಕಳು.

ಸರ್‌ಗೆ ಅವಸರವಿತ್ತು. ಊರಿನಲ್ಲಿ ನೀರಾವರಿ ಸೊಸೈಟಿ ಆಗಿತ್ತು. ನದಿಯ ನೀರು ಬರುತ್ತದೆ, ಕಬ್ಬು ಬರುತ್ತದೆ, ಸಕ್ಕರೆ ಕಾರಖಾನೆಯ ಶೇರು ಸಿಗುತ್ತದೆ ಎಂದು ಚಹಾದಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಪೈಪಿನ ದಾರಿಗೆ ದಿಬ್ಬ ಅಡ್ಡ ಬಂದಿತ್ತು. ಸರ್ ಸೊಸೈಟಿಯ ಚೇರಮನ್‌ರ ಬಾಗಿಲಿಗೆ ಚಪ್ಪಲಿ ಸವೆಯುವ ತನಕ ಅಲೆದರು. ಕೊನೆಗೆ ಅವರು ಒಪ್ಪಿದ್ದು ಇಷ್ಟಕ್ಕೆ: ಪುಣೆಯಿಂದ ಪುರಾತತ್ವ ಖಾತೆಯ ಸಾಹೇಬರು ಬಂದು, ಇದು ನಿಜವಾಗಿಯೂ ಪುರಾತನದ್ದು ಎಂದು ಹೇಳಿದರೆ ದಿಬ್ಬ ಬಿಡುತ್ತೇವೆ, ಇಲ್ಲವಾದರೆ ಟ್ರ್ಯಾಕ್ಟರ್ ಹಚ್ಚುತ್ತೇವೆ.

ಸಾಹೇಬರು ಬರುವ ಹಿಂದಿನ ದಿನ ನಮ್ಮ ದೈವ ತೆರೆಯಿತು. ಬ್ರಷ್‌ನಿಂದ ಮಣ್ಣು ಸರಿಸುತ್ತಿದ್ದ ಕೂಲಿ ಹೆಂಗಸೊಬ್ಬಳು ಕೂಗಿದಳು. ಕರ್ನಾಟಕದ ಕಡೆಯಿಂದ ಬಂದು ಇಲ್ಲೇ ನೆಲೆಸಿದವಳು. ಅವಳನ್ನು ನಾನು ಮರಾಠಿಯವರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. "ಅಯ್ಯ ಶಿವನ! ಅಕ್ಕಾರ, ಇಲ್ಲಿ ಒಲಿ ಐತಿ ನೋಡ್ರಿ. ಪಾಪ, ಬೂದಿ ಸೈತ ತೆಗೀದ ಹೋಗ್ಯಾರ." ಗಟ್ಟಿ ಬಡಿದ ನೆಲ, ಮೂಲೆಯಲ್ಲಿ ಒಲೆ, ಒಲೆಯ ತುಂಬ ಬೂದಿ, ಬೂದಿಯಲ್ಲಿ ಸುಟ್ಟ ಕಾಳು. ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಂಡು ಸುತ್ತ ನಿಂತರು. ನನಗೆ ಅಳು ಬಂತು, ಖುಷಿಯಿಂದ.

ಆ ಬೂದಿ ಮತ್ತು ಕಾಳಿನಿಂದಲೇ ಮನೆಯ ವಯಸ್ಸು ತಿಳಿಯುತ್ತದೆ, ಸಾಹೇಬರೇ ಕೈಯಾರೆ ತೆಗೆಯಲಿ, ಯಾರೂ ಮುಟ್ಟಬೇಡಿ ಎಂದು ಸರ್ ನಮಗೆ ಹೇಳಿದರು. ಹೆಂಗಸರಿಗೆ ಹೇಳಿದ್ದು ಬೇರೆ: ನಾಳೆ ಸಂತೆ, ನಿಮಗೆ ರಜೆ, ದೊಡ್ಡ ಅತಿಥಿಗಳು, ಪಾವಣೆಯರು, ಈ ಮನೆ ನೋಡಲು ಬರುವವರಿದ್ದಾರೆ.

ಮರುದಿನ ಮುಂಜಾನೆ ನಾವು ಸಾಹೇಬರ, ಚೇರಮನ್‌ರ ಜೊತೆ ಜೀಪಿನಿಂದ ಇಳಿದೆವು. ಗುಂಡಿಯ ಹತ್ತಿರ ಹೋಗುವ ಮೊದಲೇ ಸೆಗಣಿಯ ವಾಸನೆ ಬಂತು. ಬಗ್ಗಿ ನೋಡಿದೆ. ನೆಲವೆಲ್ಲ ಹಸಿರಾಗಿ ಸಾರಿಸಿತ್ತು. ನಡುವೆ ರಂಗೋಲಿ. ಒಲೆಗೆ ಅರಿಷಿಣ ಕುಂಕುಮ. ಒಲೆಯೊಳಗೆ ಒಂದು ಚಿಟಿಕೆ ಬೂದಿ ಇರಲಿಲ್ಲ. ಪಾವಣೆಯರು ಬರುವ ಮನೆಯ ಒಲೆಯಲ್ಲಿ ಹಳೆಯ ಬೂದಿ ಯಾರು ಬಿಡುತ್ತಾರೆ? ಸಂತೆಗೆ ಹೋಗುವ ಮುನ್ನ ಹೆಂಗಸರು ಬಂದು ಸಾರಿಸಿ, ಬೂದಿ ಬಳಿದು ಚೆಲ್ಲಿ ಹೋಗಿದ್ದರು.

ಚೇರಮನ್ ಹೊಟ್ಟೆ ಹಿಡಿದು ನಕ್ಕರು. ಇದು ನಮ್ಮ ಅವ್ವನ ಅಡುಗೆಮನೆಯಂತೆಯೇ ಇದೆಯಲ್ಲ ಎಂದು ಮರಾಠಿಯಲ್ಲಿ ಅಂದರು. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ಹೀಗಾದ ಮೇಲೆ ನಾನು ಏನು ಹೇಳಲಿ ಎಂದು ಕೈಚೆಲ್ಲಿದರು. ನಾನು ಓಡಿ ಹೋಗಿ ಹೊಲದಂಚಿನ ತಿಪ್ಪೆಯನ್ನು ಎರಡೂ ಕೈಯಿಂದ ಕೆದರಿದೆ. ಇಡೀ ಓಣಿಯ ಬೂದಿ ಅಲ್ಲಿ ಬಿದ್ದಿತ್ತು. ಯಾವುದು ನಿನ್ನೆಯದು, ಯಾವುದು ಸಾವಿರ ವರ್ಷದ್ದು? ಕೈ ತೊಳೆದುಕೊಳ್ಳಲೂ ಮನಸ್ಸಾಗಲಿಲ್ಲ. ಏನನ್ನಾದರೂ ಉಳಿಸಬಹುದು ಎಂಬ ನನ್ನ ನಂಬಿಕೆ ಅಲ್ಲಿಗೇ ಸತ್ತಿತು. ಇಷ್ಟು ವರ್ಷವಾದರೂ ಅದು ಮತ್ತೆ ಚಿಗುರಿಲ್ಲ.

ಟ್ರ್ಯಾಕ್ಟರ್ ಬಂದ ಸುದ್ದಿ ಕೇಳಿ ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಆ ಹೆಂಗಸರಿಗೆ ಏನೇನು ಬೈಯಬೇಕೆಂದು ಹಲ್ಲು ಕಡಿಯುತ್ತ ಹೋದೆ. ದಿಬ್ಬದ ಮೇಲೆ ಅವರೇ ಇದ್ದರು. ಸೊಸೈಟಿಯವರು ಮಣ್ಣು ತುಂಬಲು ಅವರನ್ನೇ ಕೂಲಿಗೆ ಕರೆದಿದ್ದರು. ಮಾವಶಿ ನನ್ನನ್ನು ಕಂಡು ಅಗಲವಾಗಿ ನಕ್ಕಳು.

"ಬಂದ್ರೇನ್ರಿ ಅಕ್ಕಾರ? ಅವತ್ತ ಸಂತಿಗೆ ಹೋಗಿದ್ವಿ, ಪಾವಣ್ಯಾರನ್ನ ನೋಡಾಕ ಆಗಲಿಲ್ಲ. ಏನಂದ್ರರಿ ಸಾಹೇಬ್ರು? ಮನಿ ಚಲೋ ಕಾಣತಿತ್ತಂತ?"

ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಸರ್‌ಗೆ ಬಾಯಿ ಬಂದಿರಲಿಲ್ಲ.

"ಚಲೋ ಕಾಣತಿತ್ತಂತ, ಮಾವಶಿ."

"ಕೇಳಿದ್ರೇನವಾ?" ಎಂದು ಅವಳು ಉಳಿದವರಿಗೆ ಕೂಗಿ ಹೇಳಿದಳು. ಎಲ್ಲರ ಮುಖ ಅರಳಿತು. "ಮತ್ತ ಎಲ್ಲೆರ ಇಂಥಾ ಮನಿ ಸಿಕ್ರ ನಮಗ ಹೇಳಿ ಕಳಸ್ರಿ ಅಕ್ಕಾರ. ನಾವಽ ಬಂದು ಸಾರ್ಸಿ ಕೊಡ್ತೇವಿ."

ಹೂಂ ಎಂದೆ. ಅವಳು ಸಿಂಬೆ ಸರಿಮಾಡಿಕೊಂಡು ಬುಟ್ಟಿ ಎತ್ತಿದಳು, ಆ ಮನೆಯ ನೆಲವನ್ನು ಟ್ರೇಲರಿಗೆ ಸುರಿದಳು.