ನರೋಣಾದಲ್ಲಿ ಉಸಿರಿನ ಪರೀಕ್ಷೆ

ಕಳೆದ ಭಾನುವಾರ ನಾನು ಒಂದು ವೈದ್ಯಕೀಯ ಸಂಶೋಧನೆಯನ್ನು ಕೆಡಿಸಿದೆ. ಅದೂ ಸುಮ್ಮನೆ ಕುರ್ಚಿಯಲ್ಲಿ ಕೂತು!

ನನ್ನ ಅಕ್ಕನ ಮಗಳು ಗೀತಾ ಡಾಕ್ಟರ್. ಶ್ವಾಸಕೋಶ ಮತ್ತು ಐಸಿಯು ಚಿಕಿತ್ಸೆಯಲ್ಲಿ ಸ್ಪೆಷಲಿಸ್ಟ್ ಆಗಲು ಓದುತ್ತಿದ್ದಾಳೆ. ಓದಿನ ಜೊತೆ ಒಂದು ರಿಸರ್ಚ್ ಕಡ್ಡಾಯ. ಬ್ಯಾಚಿನವರೆಲ್ಲ ವೆಂಟಿಲೇಟರ್ ಹಿಂದೆ ಬಿದ್ದಿದ್ದರೆ ಇವಳಿಗೆ ಒಲೆಯ ಹೊಗೆ ಬೇಕಂತೆ. "ಐಸಿಯುಕ್ಕ ಬರೂದ್ರಾಗ ಭಾಳ ತಡಾ ಆಗಿರ್ತದ ಮಾಮಾ. ಅದಕ್ಕಿಂತ ಮೊದಲ ಹಿಡೀಬೇಕು," ಎಂದಳು. ಎಲ್ಲಿ ಹಿಡಿಯುವುದು? ಆಳಂದ ತಾಲ್ಲೂಕಿನ ನಮ್ಮ ನರೋಣಾದಲ್ಲಿ, ನನ್ನ ತಮ್ಮನ ಪಡಸಾಲೆಯಲ್ಲಿ. ಗೈಡ್ ಒಂದು ಸಣ್ಣ ಟ್ರಯಲ್‌ಗೆ ಒಪ್ಪಿದ್ದರು.

ತಮ್ಮನ ಹೆಂಡತಿ ಶಾಂತಾ ದಿನವೂ ಸೌದೆ ಒಲೆ ಊದುವ ಓಣಿಯ ಸೊಸೆಯಂದಿರನ್ನೆಲ್ಲ ಕರೆದು ತಂದಳು. ಅವಳೂ ಸೇರಿ ಹನ್ನೆರಡು ಮಂದಿ. ಜೋರಾಗಿ ಊದಿದರೆ ಮುಳ್ಳು ಮೇಲೇರುವ ಪುಟ್ಟ ಮೀಟರ್. ನಾನು (ಸಂಶೋಧನೆಯ ಸ್ವಯಂಘೋಷಿತ ಅಧ್ಯಕ್ಷ) ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತೆ. ಒಬ್ಬೊಬ್ಬರೇ ಊದಿದರು. ಮುಳ್ಳು ಅಲ್ಲಾಡಿದರೆ ಕೇಳಿ! ಗೀತಾಳ ಮುಖ ಬಿಳಿಚಿತು. ಇಡೀ ಓಣಿಯ ಶ್ವಾಸಕೋಶ ಕೆಟ್ಟಿದೆಯೇ? ನಾನಂತೂ ಮನಸ್ಸಿನಲ್ಲೇ ಹೆಡ್‌ಲೈನ್ ಬರೆಯತೊಡಗಿದ್ದೆ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಪಕ್ಕದ ಮನೆಯ ನೀಲಮ್ಮ ಆಯಿ ತಲೆ ಎತ್ತಿದರು. "ಮೊದಲ ನಿಮ್ಮ ಮಾಮಾನ್ನ ಹೊರಗ ಕಳಸ್ರಿ ಡಾಕ್ಟರಮ್ಮ. ಹಿರ್ಯಾರ ಮುಂದ ಬಾಯಿ ಉಬ್ಬಿಸಿ ಹ್ಯಾಂಗ ಊದ್ತಾರ್ರಿ ಅವರು?"

ಹೌದಲ್ಲ! ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನನಗೆ ಅರ್ಧ ಬೆನ್ನು ತಿರುಗಿಸಿ, ಎಲ್ಲರೂ ಚಹಾ ಆರಿಸುವವರ ಹಾಗೆ ಊದಿದ್ದರು.

ನನ್ನನ್ನು ಕುರ್ಚಿ ಸಮೇತ ಬೇವಿನ ಗಿಡದ ಕೆಳಗೆ ಸಾಗಹಾಕಲಾಯಿತು. ಒಳಗೆ ಊದುವ ಸದ್ದು, ನಗು, ಮತ್ತೆ ಊದುವ ಸದ್ದು. ಮುಳ್ಳು ಸರಸರ ಏರುತ್ತಿದೆಯಂತೆ. ಗೀತಾ ಮೊದಲ ಹಾಳೆಗೆ ಅಡ್ಡಗೆರೆ ಎಳೆದು ಕಾರಣದ ಜಾಗದಲ್ಲಿ 'ಮಾಮಾ' ಎಂದು ಬರೆದಳಂತೆ. (ವೈದ್ಯಕೀಯ ಸಾಹಿತ್ಯದಲ್ಲಿ ನನ್ನ ಹೆಸರು ಬಂದಿದ್ದು ಹೀಗೆ.) ಸಂಶೋಧನೆಗೆ ದೊಡ್ಡ ಮಷೀನು ಬೇಕು ಅಂದುಕೊಳ್ಳುತ್ತೇವೆ. ಎದುರಿಗೆ ಯಾರು ಕೂತಿದ್ದಾರೆ ಎಂದು ನೋಡುವ ಕಣ್ಣು ಬೇಡವೇ?

ಕೊನೆಗೆ ಗೀತಾ ಹೊರಬಂದಳು. ನಗುತ್ತಿರಲಿಲ್ಲ. "ಹನ್ನೊಂದು ಮಂದೀದು ಛಲೋ ಅದ ಮಾಮಾ. ಶಾಂತಾ ಅತ್ತೀದು ಏರವಲ್ದು. ಮೂರ ಸರ್ತಿ ನೋಡಿದೆ. ನಾಳೆ ಕಲಬುರಗಿಗಿ ಕರ್ಕೊಂಡು ಹೋಗ್ತೇನಿ."

ಪಕ್ಕದಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದೆ. ತಮ್ಮ ಆಗ ಬಾಯಿಬಿಟ್ಟ. ಎರಡು ವರ್ಷದಿಂದ ಶಾಂತಾಗೆ ಕೆಮ್ಮು. ನಾನು ಊರಿಗೆ ಬಂದಾಗ ಮಾತ್ರ, ಭಾವ ಕೂತಿದ್ದಾರೆಂದು, ಅದನ್ನೂ ಸೆರಗಿನಲ್ಲಿ ಅದುಮಿಡುತ್ತಿದ್ದಳಂತೆ.

ಇದನ್ನೇ ಅಲ್ಲವೇ ನಾನು ಇಷ್ಟು ವರ್ಷ ಮರ್ಯಾದೆ ಎಂದು ಹೊಗಳಿದ್ದು?