ನಲವತ್ತರಲ್ಲೊಂದು
ಹೊಸದುರ್ಗದ ಗಣಿತದ ಮೇಷ್ಟ್ರು ಚಿತ್ರಲಿಂಗಪ್ಪನವರು ಸಂಭವನೀಯತೆ ಲೆಕ್ಕ ಹಾಕದೆ ಬದನೆಕಾಯಿಯನ್ನೂ ಕೊಳ್ಳುವವರಲ್ಲ. ಸಂತೆಯಲ್ಲಿ ಬೊಮ್ಮಕ್ಕನ ಬುಟ್ಟಿಯ ಮುಂದೆ ನಿಂತು, “ಇಪ್ಪತ್ತರಲ್ಲಿ ನಾಲ್ಕು ಹುಳುಕು. ಕಣ್ಮುಚ್ಚಿ ತೆಗೆದ್ರೆ ಹುಳುಕು ಸಿಗೋದು ಐದರಲ್ಲೊಂದು ಸಲ” ಎನ್ನುತ್ತಾರೆ. “ಕಣ್ಣು ಬಿಟ್ಟು ತಗಳ್ರಿ ಮೇಷ್ಟ್ರೇ” ಎಂದರೆ, ಅದು ಶಾಸ್ತ್ರಕ್ಕೆ ವಿರುದ್ಧವೆಂದು ಕಣ್ಮುಚ್ಚಿಯೇ ಎತ್ತಿ, ಹುಳುಕು ಬಂದರೂ ಗೆದ್ದವರಂತೆ ಮನೆಗೆ ಹೋಗುತ್ತಾರೆ. ತರಗತಿಯಲ್ಲೂ ಅಷ್ಟೇ. ಬೋರ್ಡಿನ ಮುಂದೆ ನಿಂತು ಲೆಕ್ಕ ವಿವರಿಸುವವರನ್ನು ಡಬ್ಬಿಯಿಂದ ಚೀಟಿ ಎತ್ತಿಯೇ ಆರಿಸುವುದು. “ನನ್ನಲ್ಲಿ ಪಕ್ಷಪಾತ ಇಲ್ಲ. ನಲವತ್ತು ಮಕ್ಕಳು, ಎಲ್ಲರಿಗೂ ನಲವತ್ತರಲ್ಲೊಂದು ಅವಕಾಶ” ಎಂದು ದಿನಾ ಭಾಷಣ ಬಿಗಿಯುವಷ್ಟರಲ್ಲಿ ಅರ್ಧ ಪೀರಿಯಡ್ಡು ಮುಗಿದಿರುತ್ತದೆ. ಮೊನ್ನೆ ಮಾತು ಉಗ್ಗುವ ಮೋನಿಕಾ ಎದ್ದು ನಿಂತು, ತಡೆತಡೆದು ಹೇಳಿದಳು: “ಸಾರ್, ವರ್ಷವೆಲ್ಲಾ ನನ್ನ ಹೆಸರು ಬಂದಿಲ್ಲ. ಬೆಳಗ್ಗೆ ಚೀಟಿ ಎಣಿಸ್ದೆ, ಮೂವತ್ತೊಂಬತ್ತೇ ಅವೆ.” ಮೇಷ್ಟ್ರು ಜೇಬಿನಿಂದ ಮಾಸಿದ ಚೀಟಿಯೊಂದನ್ನು ತೆಗೆದರು. “ಹುಡುಗರು ನಗಬಾರದು ಅಂತ ತೆಗೆದಿಟ್ಟಿದ್ದೆ ಕಣಮ್ಮ.” “ನಕ್ಕರೆ ನಗಲಿ, ಹಾಕ್ರಿ ಸಾರ್.” ಹಾಕಿದರು. ಅಂದು ಭಾಷಣವಿಲ್ಲದೆ ಡಬ್ಬಿಯೊಳಗೆ ಬಹಳ ಹೊತ್ತು ತಡಕಾಡಿ ಎತ್ತಿದಾಗ ಬಂದದ್ದು ಕನಕರಾಜನ ಹೆಸರು. ಮೋನಿಕಾಳ ಮುಖ ಸಪ್ಪಗಾಯಿತು; ಮೇಷ್ಟ್ರು ಮಾತ್ರ ಹಣೆಯ ಬೆವರು ಒರೆಸಿಕೊಂಡರು.