ಎಲ್ಲರಿಗೂ ಒಂದೇ ಸದ್ದು

ಕಿವಿಯ ಯಂತ್ರ ಮಾರುವ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಶುರುವಿನಲ್ಲಿ ಯಂತ್ರದ ತಿರುಪು ತಿರುಗಿಸಿ ಸದ್ದು ಹೆಚ್ಚು ಕಡಿಮೆ ಮಾಡುತ್ತಿದ್ದೆವು. ಆಮೇಲೆ ಕಂಪ್ಯೂಟರ್ ಬಂತು. ಯಂತ್ರಕ್ಕೆ ವೈರು ಸಿಕ್ಕಿಸಿ, ಯಾರ ಕಿವಿಗೆ ಎಷ್ಟು ಬೇಕೋ ಅಷ್ಟನ್ನು ಅವರವರ ಹೆಸರಿನಲ್ಲಿ ಸೇವ್ ಮಾಡಿಡಬಹುದಿತ್ತು. ಅದಲ್ಲದೆ ಎಲ್ಲರಿಗೂ ಸೇರಿದ ಒಂದು ಸೆಟ್ಟಿಂಗ್ ಇತ್ತು. ಹೊಸಬರು ಯಾರೇ ಬಂದರೂ ಅವರ ಯಂತ್ರ ಅಲ್ಲಿಂದಲೇ ಶುರುವಾಗುತ್ತಿತ್ತು. ಬದಲಾವಣೆಯನ್ನು ಇವರೊಬ್ಬರಿಗೆ ಉಳಿಸಲೋ ಎಲ್ಲರಿಗೂ ಉಳಿಸಲೋ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ನಾನು ಇನ್ನೊಮ್ಮೆ ಓದಿ ಒತ್ತುತ್ತಿದ್ದೆ.

"ಏನಮ್ಮಾ, ಒತ್ತಿದ್ರೆ ಬಾಂಬ್ ಗೀಂಬ್ ಸಿಡೀತದಾ?" ಎಂದು ಯಜಮಾನರು ಛೇಡಿಸುತ್ತಿದ್ದರು. ಒಳ್ಳೆಯ ಮನುಷ್ಯ, ಕೈ ಮಾತ್ರ ಬಹಳ ಅವಸರದ್ದು. ನಾನೋ ಹುಟ್ಟಾ ಪುಕ್ಕಲು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಹೋಗುವವಳು.

ಒಂದು ಬೆಳಿಗ್ಗೆ ಹೊಸಬರೊಬ್ಬರ ಹೆಸರು ಬರೆದು ಪರದೆ ನೋಡಿದೆ. ಸದ್ದು ಇದಕ್ಕಿಂತ ಮೇಲೆ ಹೋಗಬಾರದು ಎಂದು ತೋರಿಸುವ ಗೆರೆ ಇರುತ್ತದೆ. ಅದು ತುತ್ತತುದಿಯಲ್ಲಿತ್ತು. ಇನ್ನೂ ಯಾರೂ ಮುಟ್ಟದ ಹೆಸರಿಗೆ ಅದು ಹೇಗೆ ಅಲ್ಲಿಗೆ ಹೋಯಿತು? ಯಜಮಾನರನ್ನು ಕೇಳಿದೆ.

"ಆ ಮಂಡಿ ಮೊಹಲ್ಲಾದ ಅಜ್ಜರಿಲ್ವೇನಮ್ಮ, ಬಂದಾಗಲೆಲ್ಲಾ ಕೇಳಕ್ಕಿಲ್ಲ ಕೇಳಕ್ಕಿಲ್ಲ ಅಂತಾರೆ. ಪೂರ್ತಿ ಏರಿಸಿ ಸೇವ್ ಮಾಡ್ಬುಟ್ಟೆ."

"ಅವರೊಬ್ಬರಿಗಾ ಸಾರ್, ಎಲ್ಲರಿಗಾ?"

ಅವರು ಪರದೆ ನೋಡಿದರು. ಮುಖ ಬಿಳಿಚಿಕೊಂಡಿತು. ಅಜ್ಜನ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು, ಅವರಿಗೆ ಅಷ್ಟು ಸದ್ದು ಬೇಕು. ಉಳಿದವರಿಗೆ ಅದು ಹಿಂಸೆ. ದಿನಗಟ್ಟಲೆ ಕಿವಿಗೆ ಬಡಿದರೆ ಇರುವ ಕಿವಿಯೂ ಹೋಗಬಹುದು. ಅಜ್ಜ ಬಂದುಹೋದ ಮೇಲೆ ಯಂತ್ರ ಹಾಕಿಸಿಕೊಂಡ ದೊಡ್ಡವರಾದರೆ ತಾವೇ ಬಂದು ಬೈಯುತ್ತಾರೆ. ಆದರೆ ಆ ವಾರ ಯಜಮಾನರು ಒಂದು ಮಗುವಿಗೂ ಹಾಕಿದ್ದರು. ಊರಂಚಿನ ಬೋಗಾದಿಯ ಹುಡುಗಿ, ನಾಲ್ಕು ವರ್ಷದವಳು, ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ.

ಸಾಲದ್ದಕ್ಕೆ, ಯಂತ್ರ ಹಾಕಿಸಿಕೊಂಡ ಮಕ್ಕಳ ತಾಯಂದಿರಿಗೆಲ್ಲ ಹೇಳುವ ಮಾತನ್ನು ಆ ತಾಯಿಗೂ ನಾನೇ ಹೇಳಿ ಕಳಿಸಿದ್ದೆ: "ಮೊದಮೊದಲು ರಚ್ಚೆ ಹಿಡೀತಾಳೆ ಕಣಮ್ಮ. ಎಷ್ಟು ಅತ್ರೂ ತೆಗೀಬೇಡಿ. ಆಮೇಲೆ ತಾನಾಗೇ ಒಗ್ಗಿಹೋಗುತ್ತೆ."

ಅವರು ಕೊಟ್ಟಿದ್ದ ನಂಬರು ಮನೆಯ ಮಾಲೀಕರದ್ದು. ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ನಾನು ಆಟೋ ಹಿಡಿದೆ. ನನಗೆ ಅಷ್ಟು ಭಯ ಹಿಂದೆಂದೂ ಆಗಿರಲಿಲ್ಲ. ಕುಕ್ಕರ್ ಕೂಗಿದರೆ, ಪಾತ್ರೆ ಬಿದ್ದರೆ, ಪಕ್ಕದ ಸೈಟಿನಲ್ಲಿ ಕಲ್ಲು ಒಡೆದರೆ ಆ ಮಗುವಿಗೆ ಏನಾಗುತ್ತಿದ್ದೀತು ಎಂದು ಯೋಚಿಸುತ್ತಾ ಕೂತಿದ್ದೆ. ಬೋಗಾದಿಯಲ್ಲಿ ಆಗ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದರು.

ಮಗು ಬಾಗಿಲಲ್ಲೇ ಆಡುತ್ತಿತ್ತು. ಯಂತ್ರ ಕಿವಿಯಲ್ಲಿತ್ತು. ತಾಯಿ ನನ್ನನ್ನು ನೋಡಿ ಹಿಗ್ಗಿದಳು.

"ನೀವೇಳ್ದಂಗೇ ಮಾಡ್ದೆ ಮೇಡಂ. ಕಿತ್ತಾಕ್ಬಾರ್ದು ಅಂತ ಎರಡು ಕೈನೂ ಇಡ್ಕೊಂಡು ಕೂತಿದ್ದೆ. ಎಂಗೆ ಅತ್ಲು ಗೊತ್ತಾ! ಈಗ ನೋಡಿ, ತುಟಿ ಬಿಚ್ಚಲ್ಲ."

ಅಳು ನಿಂತದ್ದು ಒಗ್ಗಿದ್ದಕ್ಕೋ, ಕಿವಿಯೇ ಹೋದದ್ದಕ್ಕೋ? ಯಂತ್ರವನ್ನು ಕಿವಿಯಿಂದ ತೆಗೆದು ನೋಡಿದೆ. ಕೆಳಗಡೆ ಬ್ಯಾಟರಿ ಹಾಕುವ ಪುಟ್ಟ ಬಾಗಿಲು ಕೂದಲೆಳೆಯಷ್ಟು ತೆರೆದಿತ್ತು. ಅಷ್ಟು ತೆರೆದರೆ ಸಾಕು, ಯಂತ್ರ ಆರಿಹೋಗುತ್ತದೆ. ನಾನು ಅದನ್ನು ಮುಚ್ಚಿದೆ. ಮಗು ಕೈಚಾಚಿ, ಉಗುರಿನಿಂದ ಮತ್ತೆ ತೆರೆಯಿತು.

ನಡೆದದ್ದನ್ನೆಲ್ಲ ತಾಯಿಗೆ ಹೇಳಿದೆ. ಅವಳು ಮಗುವನ್ನು ಎತ್ತಿಕೊಂಡು ಆಟೋ ಹತ್ತಿ, ದಾರಿಯುದ್ದಕ್ಕೂ ಆ ಪುಟ್ಟ ಕೈಗಳನ್ನೇ ಸವರುತ್ತಿದ್ದಳು.

ಅಂಗಡಿಯ ಒಳಕೋಣೆಯಲ್ಲಿ ಮಗುವಿನ ಕಿವಿ ಪರೀಕ್ಷೆ ಮಾಡಿದೆ. ಸದ್ದು ಕೇಳಿದರೆ ಬಟ್ಟಲಿಗೆ ಒಂದು ಮಣಿ ಹಾಕಬೇಕು, ಅದೇ ಆಟ. ಸದ್ದನ್ನು ಇಳಿಸುತ್ತಾ ಹೋದೆ. ಯಂತ್ರ ಕೊಡುವ ಮುನ್ನ ಮಾಡಿದ್ದ ಪರೀಕ್ಷೆಯಲ್ಲಿ ಎಲ್ಲಿಯವರೆಗೆ ಹಾಕಿದ್ದಳೋ ಅಲ್ಲಿಯವರೆಗೂ ಮಣಿ ಹಾಕಿದಳು. ಕಿವಿಗೆ ಏನೂ ಆಗಿರಲಿಲ್ಲ. ಯಜಮಾನರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಎಲ್ಲರಿಗೂ ಸೇರಿದ ಸೆಟ್ಟಿಂಗಿನ ಗೆರೆಯನ್ನು ಕೆಳಕ್ಕಿಳಿಸಿದೆ. ಆಮೇಲೆ ಮಗುವಿನ ಯಂತ್ರವನ್ನು ಹೊಸದಾಗಿ ಹೊಂದಿಸಿ, ಅವಳೊಬ್ಬಳ ಹೆಸರಿಗೆ ಉಳಿಸಿದೆ. ಯಂತ್ರ ಹಿಡಿದು ಹತ್ತಿರ ಹೋದದ್ದೇ ತಡ, ಮಗು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಂತಿತು.

ತಾಯಿ ನನಗೆ ಅಡ್ಡ ಬಂದಳು. "ಮೊದ್ಲು ನಿಮ್ ಕಿವಿಗಿಟ್ಕೊಳ್ಳಿ ಮೇಡಂ. ಆಮೇಲೆ ನನ್ ಮಗೀಗೆ."

ನಾನೇ ನೋಡಿ, ನಾನೇ ಉಳಿಸಿದ ಸದ್ದು. ಆದರೂ ಪರದೆಯನ್ನು ಇನ್ನೊಮ್ಮೆ ಓದಿ, ಯಂತ್ರವನ್ನು ಕಿವಿಯ ಹತ್ತಿರ ತಂದೆ. ತಾಯಿ ಯಂತ್ರವನ್ನು ನೋಡುತ್ತಿರಲಿಲ್ಲ, ಮಗುವೂ ನೋಡುತ್ತಿರಲಿಲ್ಲ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.